ಹರಳೆಣ್ಣೆ ಕುಡಿದ ಪಟ್ಟಾ

ಮಧ್ಯಾಹ್ನದ ಊಟವಾದ ಮೇಲೆ ಬೇವಿನ ಗಿಡದ ಕೆಳಗೆ ಗೋಣಿಚೀಲ ಹಾಸಿಕೊಂಡು ಕಣ್ಣು ಮುಚ್ಚುವುದು ನನ್ನ ಚಟವಾಗಿತ್ತು. ಅದು ನಿದ್ದೆಯಲ್ಲ. ರಾಯಚೂರಿನ ಬೇಸಿಗೆಯಲ್ಲಿ ಆ ಹೊತ್ತಿಗೆ ಕಾಗೆ ಕೂಡ ಬಾಯಿ ತೆರೆದು ಕೂತಿರುತ್ತದೆ, ಗ್ಯಾರೇಜಿನ ತಗಡಿನ ಕೆಳಗೆ ಕೆಲಸ ಮಾಡುವುದು ಆಗದ ಮಾತು. ಕಣ್ಣು ಮುಚ್ಚಿ ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳುತ್ತಿದ್ದೆ. ಇದರ ಸೈಲೆನ್ಸರ್ ತೂತಾಗಿದೆ, ಇದರ ಒಂದು ಪ್ಲಗ್ ಉರಿಯುತ್ತಿಲ್ಲ, ಈ ಜೀಪಿನವನಿಗೆ ಕ್ಲಚ್ ಒತ್ತುವುದು ಯಾರೂ ಕಲಿಸಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಅರ್ಧ ಎಚ್ಚರ ಅರ್ಧ ಕನಸಿನಲ್ಲಿ ಇದ್ದುಬಿಡುವುದು. ನನ್ನ ಹೆಂಡತಿ ಇದಕ್ಕೆ ಬೇರೆ ಹೆಸರಿಟ್ಟಿದ್ದಳು, ಅದನ್ನು ಇಲ್ಲಿ ಬರೆಯುವುದಿಲ್ಲ.

ಅಂಥ ಒಂದು ಮಧ್ಯಾಹ್ನ ಸದ್ದೇ ಇಲ್ಲದೆ ಒಂದು ನೆರಳು ಬಂದು ನನ್ನ ಕಾಲ ಬಳಿ ನಿಂತಿತು. ಕಣ್ಣು ತೆರೆದರೆ ತಿಳಿನೀಲಿ ಬಣ್ಣದ, ಹೊರದೇಶದ ಹಳೆಯ ಕಾರು. ಊರಿನ ಡಾಕ್ಟರಮ್ಮ ಹೈದರಾಬಾದಿನಲ್ಲಿ ಯಾರೋ ಮಾರಿದ್ದನ್ನು ಕೊಂಡು ತಂದಿದ್ದಾರೆಂದು ಕೇಳಿದ್ದೆ, ನೋಡಿರಲಿಲ್ಲ. ಅವರು ಮಂಗಳವಾರ ದೇವದುರ್ಗಕ್ಕೂ ಶುಕ್ರವಾರ ಮಾನ್ವಿಗೂ ಹೋಗಿ ಹೆಂಗಸರನ್ನು ನೋಡಿ ಬರುತ್ತಿದ್ದರು. ಆಗ ಆ ಎರಡೂ ಊರುಗಳಲ್ಲಿ ಹೆರಿಗೆಗೆ ಹೆಣ್ಣು ಡಾಕ್ಟರ್ ಅಂತ ಇದ್ದವರು ಅವರೊಬ್ಬರೇ, ಅದೂ ವಾರಕ್ಕೊಂದು ದಿನ. ಕಾರಿನಿಂದ ಇಳಿದವರು ಅವರ ಡ್ರೈವರ್. ಅರವತ್ತು ಮುಟ್ಟುತ್ತಿದ್ದ, ಬಿಳಿ ಮೀಸೆಯ, ಕವಿತಾಳದ ಕಡೆಯ ಕುರಿ ಸಾಕುವ ಮನೆತನದ ಮನುಷ್ಯ. ಲಾರಿ ಓಡಿಸಿ ಓಡಿಸಿ ಕೊನೆಗೆ ಡಾಕ್ಟರಮ್ಮನ ಹತ್ತಿರ ನಿಂತವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಅಂದೆ.

"ಮಿಸ್ತ್ರಿ, ಮುಂದ ಏನೋ ಚೀಂವ್ ಚೀಂವ್ ಅನ್ನಾಕತ್ತದ," ಎಂದರು ಕಾಕಾ. "ಅಮ್ಮಾರಿಗಿ ಕೇಳಸಂಗಿಲ್ಲ. ನನಗ ಕೇಳಸ್ತದ."

ಬಾನೆಟ್ ಎತ್ತಿ ಕಿವಿಗೊಟ್ಟೆ. ಹೌದು, ಇಂಜಿನ್ನಿನ ಮುಂಭಾಗದ ಮುಚ್ಚಳದ ಹಿಂದಿನಿಂದ ಗುಬ್ಬಿ ಮರಿಯಂಥ ಸಣ್ಣ ದನಿ. ಆ ಜಾಗದಲ್ಲಿ ಏನಿರುತ್ತದೆಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಕೆಳಗೆ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಮೇಲೆ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗಬೇಕು, ಆಗಲೇ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುತ್ತವೆ. ಈ ಎರಡನ್ನೂ ಜೋಡಿಸುವುದು ಚೈನು. ನಾನು ನೋಡಿದ ಎಲ್ಲ ಗಾಡಿಗಳಲ್ಲೂ ಅಲ್ಲಿ ಚೈನೇ ಇತ್ತು, ಎಣ್ಣೆಯಲ್ಲಿ ಮೀಯುತ್ತ ತಿರುಗುವ ಚೈನು. ಆದರೆ ಈ ಮುಚ್ಚಳದ ನಾಲ್ಕು ಬೋಲ್ಟ್ ಬಿಚ್ಚಿ ನೋಡಿದರೆ ಒಳಗೆ ಚೈನೂ ಇಲ್ಲ, ಎಣ್ಣೆಯೂ ಇಲ್ಲ. ಒಣ ಜಾಗ. ಅದರಲ್ಲಿ ಎರಡು ಬೆರಳಗಲದ ಕಪ್ಪು ರಬ್ಬರಿನ ಪಟ್ಟಾ, ಎಂದರೆ ಬೆಲ್ಟು. ಒಳಮೈಗೆ ಉದ್ದಕ್ಕೂ ಸಣ್ಣ ಹಲ್ಲುಗಳು, ಅವು ಪುಲ್ಲಿಯ ಹಲ್ಲುಗಳನ್ನು ಕಚ್ಚಿಕೊಂಡು ಕೂತಿದ್ದವು.

ನಾನು ಎಷ್ಟು ಹೊತ್ತು ಅದನ್ನು ನೋಡುತ್ತ ನಿಂತೆನೋ ಗೊತ್ತಿಲ್ಲ. ಪಟ್ಟಾ ಎಂದ ಕೂಡಲೇ ನನ್ನ ಮನಸ್ಸು ಹತ್ತಿಯ ಬೀಜ ಬಿಡಿಸುವ ಜಿನ್ ಕಾರ್ಖಾನೆಗೆ ಹಾರಿತ್ತು. ಗ್ಯಾರೇಜು ಹಾಕುವ ಮೊದಲು ಒಂಬತ್ತು ಹಂಗಾಮು ನಾನು ಜಿನ್ನಿನಲ್ಲಿ ಪಟ್ಟಾ ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಸೂರಿನ ಕೆಳಗೆ ಈ ತುದಿಯಿಂದ ಆ ತುದಿಗೆ ಒಂದು ಶಾಫ್ಟು, ಅದರಿಂದ ಒಂದೊಂದು ಯಂತ್ರಕ್ಕೂ ಇಳಿದ ತೊಗಲಿನ ಪಟ್ಟಾಗಳು. ಕಿಟಕಿಯ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿರುತ್ತಿದ್ದವು, ಪಟ್ಟಾಗಳು ಒಂದೇ ರಾಗದಲ್ಲಿ ಪಟಪಟ ಎನ್ನುತ್ತಿದ್ದವು. ಅದನ್ನು ಕೇಳುತ್ತ ನಿಂತಲ್ಲೇ ತೂಕಡಿಸಿ ಮೇಲ್ವಿಚಾರಕ ಮುಕಾದಮನಿಂದ ಬೈಸಿಕೊಂಡಿದ್ದೇನೆ. ಆ ಪಟ್ಟಾಗಳಿಗೆ ಬಾಯಾರುತ್ತಿತ್ತು. ತೊಗಲು ಒಣಗಿದರೆ ಜಾರುತ್ತದೆ, ಕಿರಗುಟ್ಟುತ್ತದೆ, ಸೀಳುತ್ತದೆ. ಅದಕ್ಕೆ ಹರಳೆಣ್ಣೆ ಬೆಚ್ಚಗೆ ಮಾಡಿ, ಚೂರು ರಾಳ ಕರಗಿಸಿ, ಬಟ್ಟೆಯಿಂದ ಹಚ್ಚಬೇಕು. ಹಚ್ಚಿದ ಗಳಿಗೆಗೆ ಪಟ್ಟಾ ಸುಮ್ಮನಾಗಿ ಪುಲ್ಲಿಯನ್ನು ಅಪ್ಪಿಕೊಳ್ಳುತ್ತಿತ್ತು. ಜಿನ್ನಿನಲ್ಲಿ ನನ್ನ ಹೆಸರೇ ಎಣ್ಣೆಯವನು ಎಂದಾಗಿತ್ತು.

ಹಾಗಾಗಿ ಈ ಸಣ್ಣ ಪಟ್ಟಾ ಚೀಂವ್ ಎನ್ನುವುದು ಕೇಳಿ ನನಗೆ ಯಾವ ಅನುಮಾನವೂ ಬರಲಿಲ್ಲ. ಪಾಪ, ಪರದೇಶದಿಂದ ಬಂದದ್ದು, ಒಣಗಿಹೋಗಿದೆ ಅನ್ನಿಸಿತು. ಮನೆಯಿಂದ ಹರಳೆಣ್ಣೆ ತರಿಸಿ, ಬೆಚ್ಚಗೆ ಮಾಡಿ, ಮೆತ್ತನೆ ಬಟ್ಟೆಯಲ್ಲಿ ಪಟ್ಟಾದ ಮೈಗೆಲ್ಲ ಹಚ್ಚಿದೆ. ರಾಳ ಮಾತ್ರ ಹಾಕಲಿಲ್ಲ, ಹಲ್ಲಿರುವ ಪಟ್ಟಾಕ್ಕೆ ಅಂಟು ಬೇಡ ಎಂಬಷ್ಟು ಬುದ್ಧಿ ಇತ್ತು. ಇಂಜಿನ್ ಚಾಲೂ ಮಾಡಿದರೆ ಗುಬ್ಬಿ ಹಾರಿಹೋಗಿತ್ತು. ಕಾಕಾ ಮೀಸೆಯಲ್ಲೇ ನಕ್ಕರು. ನಾನು ದೊಡ್ಡ ಹಕೀಮನ ಹಾಗೆ ಸಣ್ಣ ಬಾಟಲಿಗೆ ಉಳಿದ ಎಣ್ಣೆ ತುಂಬಿ ಅವರ ಕೈಗೆ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಮೇಲಿನ ಮುಚ್ಚಳ ಸಡಿಲಿಸಿ ಹೀಗೇ ಹಚ್ಚುತ್ತಿರಿ ಎಂದು ತೋರಿಸಿಕೊಟ್ಟೆ. ಅವರು ಎರಡು ಸಲ ಕೇಳಿ, ಎರಡು ಸಲ ಮಾಡಿ ತೋರಿಸಿ, ಬಾಟಲಿಯನ್ನು ಸೀಟಿನ ಕೆಳಗೆ ಇಟ್ಟುಕೊಂಡು ಹೋದರು. ಹೇಳಿದ್ದನ್ನು ತಪ್ಪದೆ ಮಾಡುವ ಮನುಷ್ಯ.

ಮಳೆಗಾಲ ಕಳೆದು ಹತ್ತಿ ಬಿಡಿಸುವ ಕಾಲ ಬಂತು. ಒಂದು ಮಂಗಳವಾರ ಸಂಜೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಆ ನೀಲಿ ಕಾರು ಗ್ಯಾರೇಜಿಗೆ ಬಂತು. ಸ್ಟೇರಿಂಗ್ ಹಿಡಿದಿದ್ದ ಕಾಕಾ ಇಳಿದು, ಗಬ್ಬೂರು ದಾಟಿ ಹಳ್ಳ ಏರುವಾಗ ಇಂಜಿನ್ ಒಮ್ಮೆಲೇ ಸುಮ್ಮನಾಯಿತು ಎಂದಷ್ಟೇ ಹೇಳಿದರು. ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಕೀಲಿಕೈ ನನ್ನ ಅಂಗೈಯಲ್ಲಿಟ್ಟು, ತಿರುಗಿ ಒಮ್ಮೆ ಕಾರನ್ನು ನೋಡಿ, ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವರ ಮನೆ ಆ ಕಡೆ ಅಲ್ಲ ಎಂದು ನನಗೆ ಆಮೇಲೆ ಹೊಳೆಯಿತು.

ಮರುದಿನ ಬೆಳಿಗ್ಗೆ ಮುಚ್ಚಳ ಬಿಚ್ಚಿದೆ. ಪಟ್ಟಾ ಹರಿದಿರಲಿಲ್ಲ, ಆದರೆ ಕೆಳಗಿನ ಪುಲ್ಲಿಯ ಹತ್ತಿರ ಹತ್ತು ಹನ್ನೆರಡು ಹಲ್ಲುಗಳು ಒಟ್ಟಿಗೆ ಉದುರಿ ಬಿದ್ದಿದ್ದವು. ಕ್ರ್ಯಾಂಕ್ ತಿರುಗಿದರೂ ಮೇಲಿನ ಪುಲ್ಲಿ ಸುಮ್ಮನೆ ನಿಂತಿತ್ತು. ಮೊದಲ ಭಯ ವಾಲ್ವುಗಳದ್ದು. ಕ್ಯಾಮ್ ನಿಂತಾಗ ಯಾವುದೋ ವಾಲ್ವ್ ತೆರೆದೇ ಇರುತ್ತದೆ, ಮೇಲೆ ಬರುವ ಪಿಸ್ಟನ್ ಅದಕ್ಕೆ ಬಡಿದರೆ ವಾಲ್ವ್ ಬಾಗುತ್ತದೆ, ಆಮೇಲೆ ಇಂಜಿನ್ನಿನ ತಲೆಯನ್ನೇ ಬಿಚ್ಚಬೇಕು. ನಾಲ್ಕೂ ಪ್ಲಗ್ ತೆಗೆದು, ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ, ಕಣ್ಣು ಮುಚ್ಚಿ, ನಿಧಾನವಾಗಿ ಕೈಯಲ್ಲಿ ತಿರುಗಿಸಿದೆ. ಹೀಗೆ ತಿರುಗಿಸುವಾಗ ಕಣ್ಣಿಗಿಂತ ಮಣಿಕಟ್ಟಿಗೆ ಹೆಚ್ಚು ಗೊತ್ತಾಗುತ್ತದೆ. ಎರಡು ಸುತ್ತು ಪೂರ್ತಿ ತಿರುಗಿತು, ಎಲ್ಲೂ ತಟ್ಟಲಿಲ್ಲ. ಈ ಇಂಜಿನ್ ಮಾಡಿದವನು ಯಾರೋ ಪುಣ್ಯಾತ್ಮ ಪಿಸ್ಟನ್ನಿನ ತಲೆಗೆ ವಾಲ್ವಿನ ಅಳತೆಯ ಕುಳಿ ಬಿಟ್ಟಿದ್ದ. ಅವನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಆ ಸುದ್ದಿ ಹೇಳಲು ಡಾಕ್ಟರಮ್ಮನ ದವಾಖಾನೆಗೆ ಹೋದೆ. ಅವರು ಎಂದೂ ಜೋರು ಮಾತಾಡಿದವರಲ್ಲ, ಅವತ್ತೂ ಆಡಲಿಲ್ಲ. ಆದರೆ ಮುಖ ಕಪ್ಪಿಟ್ಟಿತ್ತು. ದೇವದುರ್ಗದಲ್ಲಿ ಒಬ್ಬಾಕೆಗೆ ನೋವು ಶುರುವಾಗಿ ಮಗು ಅಡ್ಡ ತಿರುಗಿದೆ ಎಂದು ಹಿಂದಿನ ದಿನ ಹೊರಡುವ ಮೊದಲೇ ಸುದ್ದಿ ಬಂದಿತ್ತಂತೆ. ಇವರು ಹತ್ತಿಯ ಲಾರಿ ಹತ್ತಿ, ಇಳಿದು, ಸೈಕಲ್ಲಿನ ಹಿಂದೆ ಕೂತು ಹೋಗಿ ಮುಟ್ಟುವಾಗ ಮೂರು ತಾಸು ತಡವಾಗಿತ್ತು. ತಾಯಿ, ಮಗು ಇಬ್ಬರೂ ಉಳಿದಿದ್ದರು. ಇನ್ನರ್ಧ ತಾಸು ಆಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಲಾರಿ ಹತ್ತುವ ಮೊದಲು, ತಡವಾಗುವ ಭಯದಲ್ಲಿ, ರಸ್ತೆಯಲ್ಲೇ ನಿಂತು ಅವರು ಕಾಕಾನನ್ನು ಇಂಜಿನ್ನಿಗೆ ಏನು ಮಾಡಿದ್ದೀರಿ ಎಂದು ಕೇಳಿದ್ದರು. ಕಾಕಾ, ಎಣ್ಣೆ ಹಚ್ಚುತ್ತಿದ್ದೆ, ನನ್ನಿಂದಲೇ ಆಗಿರಬೇಕು ಎಂದಿದ್ದರು. ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಕೈ ಹಾಕಿದಿರಿ, ನೀವು ಇನ್ನು ಊರಿಗೆ ಹೋಗಿ ಇದ್ದುಬಿಡಿ ಎಂದು ಇವರು ಹೇಳಿಬಿಟ್ಟಿದ್ದರು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಎಣ್ಣೆ ಕೊಟ್ಟವನು ನಾನು ಎನ್ನಲು ಮೂರು ಮಾತು ಸಾಕಾಗಿತ್ತು. ಎಣ್ಣೆಯಿಂದ ಪಟ್ಟಾ ಕೆಡುತ್ತದೆಂದು ಆ ಗಳಿಗೆಯಲ್ಲಿ ನನಗೆ ಗೊತ್ತಿರಲಿಲ್ಲ, ಅದು ನಿಜ. ಹಳೆಯ ಪಟ್ಟಾ, ವಯಸ್ಸಾಗಿ ಹೋಗಿದೆ, ಎಣ್ಣೆಗೂ ಅದಕ್ಕೂ ಏನು ಸಂಬಂಧ ಎಂದೇ ನಂಬಿದ್ದೆ. ಹಾಗಿದ್ದರೆ ಅದನ್ನಾದರೂ ಹೇಳಬಹುದಿತ್ತಲ್ಲ. ಹೇಳಲಿಲ್ಲ. ಹೊಸ ಪಟ್ಟಾ ಹೈದರಾಬಾದಿನಿಂದ ತರಬೇಕು ಎಂದಷ್ಟೇ ಹೇಳಿ, ಕೆಲಸದ ಗಡಿಬಿಡಿಯವನಂತೆ ಎದ್ದು ಬಂದೆ. ರಾಯಚೂರಿನಲ್ಲಿ ಆ ಕಾರು ಮುಟ್ಟುವ ಮಿಸ್ತ್ರಿ ನಾನೊಬ್ಬನೇ ಎಂಬ ಹಮ್ಮು ನನಗಿತ್ತು, ಆ ಹಮ್ಮೇ ಬಾಯಿ ಕಟ್ಟಿತು.

ಪಟ್ಟಾ ತರಬೇಕೆಂದರೆ ಹಲ್ಲಿನ ಲೆಕ್ಕ ಬೇಕು. ಒಂದು ಹಲ್ಲು ಹೆಚ್ಚಾದರೂ ಕಡಿಮೆಯಾದರೂ ಅದು ಕೂರುವುದಿಲ್ಲ. ಹಳೆಯದನ್ನು ಬಿಚ್ಚಿ ತಂದು, ಬೇವಿನ ಕೆಳಗೆ ಕೂತು, ಒಂದೊಂದು ಹಲ್ಲಿಗೂ ಸುಣ್ಣದ ಚುಕ್ಕೆ ಇಡುತ್ತ ಎಣಿಸಿದೆ. ಉದುರಿದ ಜಾಗದಲ್ಲಿ ಬುಡದ ಗುರುತು ಹುಡುಕಿ ಚುಕ್ಕೆ ಇಟ್ಟೆ. ಮೂರು ಸಲ ಎಣಿಸಿದರೆ ಮೂರು ಲೆಕ್ಕ ಬಂತು, ಯಾಕೆಂದರೆ ಎಪ್ಪತ್ತು ದಾಟುವಾಗ ಪ್ರತಿ ಸಲವೂ ನನ್ನ ಮನಸ್ಸು ಕವಿತಾಳದ ಬಸ್ಸು ಹತ್ತುತ್ತಿತ್ತು. ನಾಲ್ಕನೆಯ ಸಲ ಜೋರಾಗಿ ಬಾಯಲ್ಲಿ ಹೇಳುತ್ತ ಎಣಿಸಿದೆ, ನೂರಾ ಹತ್ತೊಂಬತ್ತು. ಐದನೆಯ ಸಲವೂ ಅಷ್ಟೇ. ಬೆರಳಿಗೆ ಏನೋ ಜಿಗುಟು ಅಂಟುತ್ತಿತ್ತು, ಅದನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಹೈದರಾಬಾದಿನಲ್ಲಿ ನಾಲ್ಕು ಅಂಗಡಿ ತಿರುಗಿದೆ. ಮೊದಲ ಮೂವರು ಪಟ್ಟಾ ನೋಡಿ ತಲೆ ಅಲ್ಲಾಡಿಸಿದರು. ನಾಲ್ಕನೆಯದು ಗಲ್ಲಿಯ ಕೊನೆಯಲ್ಲಿ, ಹೊರದೇಶದ ಗಾಡಿಗಳ ಸಾಮಾನು ಮಾತ್ರ ಇಡುವ ಕತ್ತಲೆ ಅಂಗಡಿ. ದಪ್ಪ ಕನ್ನಡಕದ ಮುದುಕ ಪಟ್ಟಾ ಇಸಿದುಕೊಂಡು ಬೆಳಕಿಗೆ ಹಿಡಿದ, ಹೆಬ್ಬೆರಳಿನಿಂದ ಒತ್ತಿದ, ಆಮೇಲೆ ಮೂಗಿನ ಹತ್ತಿರ ತಂದ. ಕನ್ನಡಕ ತೆಗೆದು ನನ್ನನ್ನೇ ನೋಡುತ್ತ, "ಇಸ್ಕು ತೇಲ್ ಕೌನ್ ಪಿಲಾಯಾ ಮಿಯಾ?" ಎಂದ. ಇದಕ್ಕೆ ಎಣ್ಣೆ ಕುಡಿಸಿದವರು ಯಾರು ಎಂದು ಕೇಳುತ್ತಿದ್ದ.

ಅವನು ಬೈಯಲಿಲ್ಲ, ನಗಲಿಲ್ಲ, ತೋರಿಸಿಕೊಟ್ಟ. ಪಟ್ಟಾದ ಅಂಚು ಬಗ್ಗಿಸಿದಾಗ ರಬ್ಬರು ಅಂಬಲಿಯಲ್ಲಿ ನೆನೆದ ರೊಟ್ಟಿಯ ಹಾಗೆ ಪದರು ಪದರಾಗಿ ಬಿಟ್ಟುಕೊಂಡಿತ್ತು. ಒಳಗಿನ ದಾರದ ಎಳೆಗಳು ಹೊರಗೆ ಇಣುಕುತ್ತಿದ್ದವು. ಇದು ತೊಗಲಲ್ಲ, ಎಣ್ಣೆ ಬಿದ್ದರೆ ಊದುತ್ತದೆ, ಮೆತ್ತಗಾಗುತ್ತದೆ, ಹಲ್ಲು ಬಿಡುತ್ತದೆ ಎಂದು ತನ್ನ ದಖನಿ ಉರ್ದುವಿನಲ್ಲಿ ನಿಧಾನವಾಗಿ ಹೇಳಿದ. ಇಂಜಿನ್ನಿನ ಎಣ್ಣೆ ಸೋರಿ ಬಿದ್ದರೂ ಕೆಡುತ್ತದೆ, ಅದಕ್ಕೇ ಅದನ್ನು ಒಣ ಜಾಗದಲ್ಲಿ ಮುಚ್ಚಿಟ್ಟಿರುತ್ತಾರೆ. ಚೀಂವ್ ಎಂದದ್ದು ಪಟ್ಟಾ ಅಲ್ಲ, ಅದನ್ನು ಬಿಗಿ ಹಿಡಿಯುವ ಗಾಲಿಯ ಬೇರಿಂಗು. ಎಣ್ಣೆ ಅಲ್ಲಿಗೂ ಇಳಿದು ಸದ್ದು ಅಡಗಿತ್ತಷ್ಟೆ. ಮೇಲಿನ ಅಟ್ಟದಿಂದ ಕಾಗದ ಸುತ್ತಿದ ಪಟ್ಟಾ ಇಳಿಸಿ, ಹೊಸ ಗಾಲಿ ಒಂದನ್ನು ಅದರ ಮೇಲಿಟ್ಟು, ನನ್ನ ಎರಡೂ ಕೈ ನೋಡಿ, ಸಾಬೂನು ಹಚ್ಚಿ ತೊಳೆದುಕೊಂಡು ಇದನ್ನು ಮುಟ್ಟು ಎಂದ. ಅಂಗಡಿಯಲ್ಲೇ ಕೂತು ಹಲ್ಲು ಎಣಿಸಿದೆ. ನೂರಾ ಹತ್ತೊಂಬತ್ತು.

ಮರಳುವ ರೈಲಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಪಟ್ಟಾದ ಪೊಟ್ಟಣ ಮಡಿಲಲ್ಲಿತ್ತು. ಹಗಲು ಹೊತ್ತಿನ ರೈಲು, ಎಲ್ಲ ಕಡೆ ನಿಲ್ಲುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಜಿನ್ನಿನ ಶಾಫ್ಟು ತಿರುಗುತ್ತಿತ್ತು, ಪಟ್ಟಾಗಳೆಲ್ಲ ಇಳಿದು ಬರುತ್ತಿದ್ದವು. ಕಾಕಾ ಏಣಿ ಹಾಕಿಕೊಂಡು ಒಂದೊಂದಕ್ಕೂ ಬಟ್ಟೆಯಿಂದ ಎಣ್ಣೆ ಹಚ್ಚುತ್ತಿದ್ದರು. ನಾನು ಕೆಳಗಿನಿಂದ ಸಾಕು ಇಳಿಯಿರಿ ಎನ್ನುತ್ತಿದ್ದೆ, ಯಂತ್ರದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಅವರು ಮೀಸೆಯಲ್ಲಿ ನಗುತ್ತ ಇನ್ನೊಂದು ಪಟ್ಟಾಕ್ಕೆ ಕೈ ಚಾಚುತ್ತಿದ್ದರು. ಎಚ್ಚರವಾದಾಗ ರೈಲು ಕೃಷ್ಣಾ ಸೇತುವೆಯ ಮೇಲೆ ನಿಧಾನ ಹೋಗುತ್ತಿತ್ತು. ಕೆಳಗೆ ಬಂಡೆಗಳ ನಡುವೆ ನೀರು ಸುಮ್ಮನಿತ್ತು. ದೇವಸುಗೂರಿನ ಕಡೆ ಕರೆಂಟು ಮಾಡಲು ಕಟ್ಟುತ್ತಿದ್ದ ಎತ್ತರದ ಚಿಮಣಿ ಅರ್ಧ ಎದ್ದು ಬಿಸಿಲಿನ ಮಂಜಿನಲ್ಲಿ ತೇಲುತ್ತಿತ್ತು. ನನಗೆ ನಾಚಿಕೆಯಾಯಿತು.

ಕೆಲಸಕ್ಕೆ ಎರಡು ದಿನ ಹಿಡಿಯಿತು, ಅದರಲ್ಲಿ ಒಂದು ದಿನ ಪೂರ್ತಿ ತೊಳೆಯುವುದೇ ಆಯಿತು. ಹರಳೆಣ್ಣೆ ಎಲ್ಲೆಲ್ಲಿ ಹೊಕ್ಕಿರಲಿಲ್ಲ? ಪುಲ್ಲಿಯ ಹಲ್ಲಿನ ಸಂದಿ, ಮುಚ್ಚಳದ ಒಳಮೈ, ಗಾಲಿಯ ಸ್ಪ್ರಿಂಗು ಎಲ್ಲ ಕಡೆ ಧೂಳು ಕುಡಿದು ಕಪ್ಪು ಅಂಟಾಗಿ ಕೂತಿತ್ತು. ಪೆಟ್ರೋಲಿನಲ್ಲಿ ಬ್ರಷ್ ಅದ್ದಿ ತಿಕ್ಕಿದೆ, ಸಾಬೂನು ನೀರಿನಿಂದ ತೊಳೆದೆ, ಒಣಬಟ್ಟೆಯಿಂದ ಒರೆಸಿದೆ, ಮೂಸಿ ನೋಡಿದೆ. ವಾಸನೆ ಹೋಗುವ ತನಕ ಬಿಡಲಿಲ್ಲ. ಕ್ಯಾಮಿನ ಮುಂದಿನ ಆಯಿಲ್ ಸೀಲಿಗೆ ಬಿಳಿ ಕಾಗದ ಒತ್ತಿ ಒಂದು ತಾಸು ಬಿಟ್ಟು ತೆಗೆದೆ, ಕಲೆ ಇರಲಿಲ್ಲ, ಇಂಜಿನ್ನಿನ ಎಣ್ಣೆ ಸೋರುತ್ತಿರಲಿಲ್ಲ.

ಮರುದಿನ ಪಟ್ಟಾ ಹಾಕುವ ಕೆಲಸ. ಒಂದನೆಯ ಪ್ಲಗ್ಗಿನ ತೂತಿನಲ್ಲಿ ಸೈಕಲ್ ಕಡ್ಡಿ ಇಳಿಸಿ, ಕ್ರ್ಯಾಂಕ್ ತಿರುಗಿಸುತ್ತ, ಕಡ್ಡಿ ಮೇಲೇರಿ ಏರಿ ಇನ್ನು ಏರದೆ ನಿಂತ ಜಾಗ ಹಿಡಿದೆ. ಪಿಸ್ಟನ್ ತುದಿ ಮುಟ್ಟಿದ ಜಾಗ ಅದು. ಕೆಳಗಿನ ಪುಲ್ಲಿಯ ಗೀರು ಇಂಜಿನ್ನಿನ ಗುರುತಿಗೆ ಸರಿಯಾಗಿತ್ತು. ಮೇಲಿನ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ ಅದರ ಗೀರನ್ನು ಅದರ ಗುರುತಿಗೆ ತಂದೆ. ಆಮೇಲೆ ಕೈ ತೊಳೆದುಕೊಂಡು ಪಟ್ಟಾ ಎತ್ತಿಕೊಂಡೆ. ಕೆಳಗಿನಿಂದ ಶುರುಮಾಡಿ, ಎಳೆಯುವ ಬದಿ ಬಿಗಿಯಾಗಿರುವಂತೆ ಮೇಲಕ್ಕೆ ಹಾಕಿ, ಸಡಿಲೆಲ್ಲ ಗಾಲಿಯ ಬದಿಗೆ ಬರುವಂತೆ ಕೂರಿಸಿ, ಗಾಲಿಯ ಬೋಲ್ಟ್ ಸಡಿಲಿಸಿದಾಗ ಸ್ಪ್ರಿಂಗ್ ತಾನೇ ತಳ್ಳಿ ಬಿಗಿ ಮಾಡಿತು. ಬೋಲ್ಟ್ ಬಿಗಿದು ಎರಡು ಸುತ್ತು ಕೈಯಲ್ಲಿ ತಿರುಗಿಸಿ ನೋಡಿದರೆ ಮೇಲಿನ ಗೀರು ಗುರುತಿನಿಂದ ಅರ್ಧ ಹಲ್ಲಿನಷ್ಟು ಆಚೆ.

ಅರ್ಧ ಹಲ್ಲು ಎಂಬುದು ಇಲ್ಲ. ಎಲ್ಲೋ ಒಂದು ಹಲ್ಲು ತಪ್ಪಿದೆ ಎಂದರ್ಥ. ಬಿಚ್ಚಿ ಮತ್ತೆ ಹಾಕಿದೆ, ಈಗ ಈಚೆ ಬಂತು. ಮೂರನೆಯ ಸಲ ಹಾಕಿದಾಗ ಪುನಃ ಆಚೆ. ಹೀಗೇ ಬಿಟ್ಟರೂ ಗಾಡಿ ಓಡುತ್ತದೆ, ಏರಿನಲ್ಲಿ ಸ್ವಲ್ಪ ಏದುಸಿರು ಬಿಡುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ನನ್ನಿಂದ ಆಗಲೇ ಯಾರಿಗೂ ತಿಳಿಯದ ಒಂದು ವಿಷಯ ನಡೆದುಹೋಗಿತ್ತು. ಬೇವಿನ ಕೆಳಗೆ ಹೋಗಿ ಕಣ್ಣು ಮುಚ್ಚಿ ಕೂತೆ. ಎರಡು ಪುಲ್ಲಿಗಳೂ ಗಾಲಿಯೂ ಕಣ್ಣ ಮುಂದೆ ನಿಧಾನವಾಗಿ ತಿರುಗಿದವು, ಗಾಲಿ ತಳ್ಳುವಾಗ ಮೇಲಿನ ಪುಲ್ಲಿ ಕೂದಲೆಳೆಯಷ್ಟು ಹಿಂದಕ್ಕೆ ಸರಿಯುವುದು ಕಾಣಿಸಿತು. ಎದ್ದು ಬಂದು ಮೇಲಿನ ಪುಲ್ಲಿಯನ್ನು ಮೊದಲೇ ಅಷ್ಟು ಮುಂದೆ ಇಟ್ಟುಕೊಂಡು ಪಟ್ಟಾ ಹಾಕಿದೆ. ಬಿಗಿದಾಗ ಅದು ತಾನಾಗಿ ಹಿಂದೆ ಬಂದು ಗುರುತಿಗೆ ಕೂತಿತು. ಎರಡು ಸುತ್ತು, ನಾಲ್ಕು ಸುತ್ತು, ಆರು ಸುತ್ತು ತಿರುಗಿಸಿದೆ, ಗೀರು ಗುರುತು ಒಂದೇ ಕಡೆ. ಉದ್ದ ಬದಿಯ ನಡುವೆ ಎರಡು ಬೆರಳಲ್ಲಿ ಹಿಡಿದು ತಿರುಚಿದರೆ ಪಟ್ಟಾ ಕಾಲು ಸುತ್ತು ತಿರುಗಿ ನಿಂತಿತು. ಬಿಗಿ ಸರಿಯಿತ್ತು.

ಪ್ಲಗ್ ಹಾಕಿ ಕೀಲಿ ತಿರುವಿದೆ. ಒಂದೇ ಏಟಿಗೆ ಹಿಡಿಯಿತು. ಬಾನೆಟ್ ಮೇಲೆ ಕಿವಿಯಿಟ್ಟು ಕೇಳಿದರೆ ದೂರದಲ್ಲೆಲ್ಲೋ ರಾಟೆಯ ಮೇಲೆ ಹಗ್ಗ ಹೋಗುತ್ತಿರುವಂತೆ ಮೆಲ್ಲನೆಯ ಒಂದೇ ದನಿ. ಇಷ್ಟು ಚಂದದ ಕೆಲಸ ನಾನು ಮೊದಲು ಮಾಡಿರಲಿಲ್ಲ. ಕೀಲಿಕೈ ಕೊಟ್ಟು ಬಂದರೆ ಕೆಲಸ ಮುಗಿಯಿತು. ಡಾಕ್ಟರಮ್ಮ ಇನ್ನೊಬ್ಬ ಡ್ರೈವರನ್ನು ಇಟ್ಟುಕೊಳ್ಳುತ್ತಾರೆ, ಕಾಕಾ ಊರಲ್ಲಿ ಇರುತ್ತಾರೆ, ವಯಸ್ಸೂ ಆಗಿದೆ. ಹೀಗೆಲ್ಲ ಲೆಕ್ಕ ಹಾಕುತ್ತ ಇಂಜಿನ್ ಆರಿಸದೆ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಆ ದನಿ ಕೇಳುತ್ತ ನಿಂತಷ್ಟೂ ಅದನ್ನು ಮೊದಲು ಕೇಳಬೇಕಾದವರು ಕಾಕಾ ಅನ್ನಿಸಿತು. ಇಂಜಿನ್ ಆರಿಸಿದೆ.

ಮುಂದಿನ ವಾರದ ಶುಕ್ರವಾರ ಬೆಳಿಗ್ಗೆ ಡಾಕ್ಟರಮ್ಮ ಮಾನ್ವಿಗೆ ಬಸ್ಸಿನಲ್ಲಿ ಹೊರಡಲು ಚೀಲ ಹಿಡಿದು ದವಾಖಾನೆಯ ಮೆಟ್ಟಿಲಿಳಿಯುತ್ತಿದ್ದರು. ಕಾರು ತಂದು ಅಂಗಳದಲ್ಲಿ ನಿಲ್ಲಿಸಿದೆ. ಅವರ ಮುಖ ಅರಳಿತು. ಅದು ಅರಳಿದ್ದು ನೋಡಿ ಹೇಳುವುದು ಇನ್ನೂ ಕಷ್ಟವಾಯಿತು.

"ಅಮ್ಮಾರ, ಎಣ್ಣಿ ಹಚ್ಚಿದ ಕೈ ಕಾಕಾಂದು, ಹಚ್ಚರಿ ಅಂದ ಬಾಯಿ ನಂದು," ಎಂದೆ. "ಬಾಟ್ಲಿ ತುಂಬಿ ಕೊಟ್ಟಾಂವನೂ ನಾನ. ಆವತ್ತ ನೀವು ಹೇಳಿದಾಗ ನಾ ಸುಮ್ಮನ ಕುಂತೆ. ತಪ್ಪು ಎರಡೂ ನಂದ."

ಜಿನ್ನಿನ ತೊಗಲು, ಹೈದರಾಬಾದಿನ ಮುದುಕ ಹೇಳಿದ್ದು, ಎಲ್ಲ ಹೇಳಿದೆ. ಅವರು ಮೆಟ್ಟಿಲ ಮೇಲೇ ಕೂತುಬಿಟ್ಟರು. ಬೈಯುತ್ತಾರೆ, ಇನ್ನು ಈ ಕಾರು ಮುಟ್ಟಬೇಡ ಎನ್ನುತ್ತಾರೆ ಎಂದು ಕಾದೆ. ಆಮೇಲೆ ಎದ್ದು, ನಾನು ಬಸ್ಸಿಗೇ ಹೋಗುತ್ತೇನೆ, ಹೆಂಗಸರು ಕಾಯುತ್ತಿರುತ್ತಾರೆ, ನೀನು ಕವಿತಾಳಕ್ಕೆ ಹೋಗಿ ಅವರನ್ನು ಕರೆದುಕೊಂಡು ಮಾನ್ವಿಗೆ ಬಾ, ಅವರು ಬರದಿದ್ದರೆ ಕಾರೂ ಬೇಡ ಎಂದರು. ಕೀಲಿಕೈ ನನ್ನ ಕೈಯಲ್ಲೇ ಉಳಿಯಿತು.

ಕಲ್ಮಲಾ ದಾಟಿ ಸಿರವಾರದ ದಾರಿ ಹಿಡಿದೆ. ಎರಡೂ ಕಡೆ ಎರೆಹೊಲ, ಬಿರಿದ ಹತ್ತಿ. ಸೀರೆಯ ಸೆರಗನ್ನು ಚೀಲ ಮಾಡಿ ಕಟ್ಟಿಕೊಂಡ ಹೆಂಗಸರು ಸಾಲು ಸಾಲಾಗಿ ಹತ್ತಿ ಬಿಡಿಸುತ್ತಿದ್ದರು. ಸದ್ದಿಲ್ಲದ ಆ ಕಾರಿನಲ್ಲಿ ಗಾಜು ಏರಿಸಿದರೆ ಹೊರಗಿನದೆಲ್ಲ ನಿದ್ದೆಯಲ್ಲಿ ಕಂಡಂತಿತ್ತು. ನಾನು ಗಾಜು ಇಳಿಸಿದೆ, ಇಂಜಿನ್ ಕೇಳಿಸಬೇಕಿತ್ತು. ಗಬ್ಬೂರಿನ ಹಳ್ಳದಂಥ ಏರುಗಳು ಈ ದಾರಿಯಲ್ಲೂ ಇದ್ದವು. ಪ್ರತಿ ಏರಿನಲ್ಲೂ ನನ್ನ ಉಸಿರು ನಿಲ್ಲುತ್ತಿತ್ತು, ಇಂಜಿನ್ ನಿಲ್ಲಲಿಲ್ಲ.

ಕಾಕಾ ತಮ್ಮ ಅಣ್ಣನ ಮನೆಯ ಮುಂದೆ ಕಟ್ಟೆಯ ಮೇಲೆ ಕೂತು ಕಂಬಳಿಗೆ ಅಂಚು ಹೊಲಿಯುತ್ತಿದ್ದರು. ಕಾರು ತಿರುವಿನಲ್ಲಿ ಬರುವಾಗಲೇ ಸೂಜಿ ನಿಲ್ಲಿಸಿ ತಲೆ ಓರೆ ಮಾಡಿ ಕಿವಿಗೊಟ್ಟರು. ನಾನು ಇಳಿದು, ಎದುರು ನೆಲದ ಮೇಲೆ ಕೂತು, ಡಾಕ್ಟರಮ್ಮನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ಅವರ ಮುಖದಲ್ಲಿ ಆಶ್ಚರ್ಯ ಇರಲಿಲ್ಲ.

"ಗೊತ್ತಿತ್ತೋ ಮಿಸ್ತ್ರಿ," ಎಂದರು. "ಹಳ್ಳದಾಗ ಮುಚ್ಚಳ ತಗದು ಕೈ ಇಟ್ಟೆ. ಹಿಟ್ಟಿನಂಗ ಬಂತು. ನಮ್ಮ ಎಣ್ಣೀನ ಅದನ್ನ ತಿಂದದ ಅಂತ ಅಲ್ಲೇ ತಿಳೀತು."

"ಮತ್ತ ನನ್ನ ಹೆಸರ ಯಾಕ ಹೇಳಲಿಲ್ಲ ಕಾಕಾ?"

"ನಿನ್ನ ಹೆಸರ ಹೇಳಿದ್ರ ಅಮ್ಮಾರು ನಿನಗ ಗಾಡಿ ಕೊಡಾದು ಬಿಡತಿದ್ರು. ಆಮ್ಯಾಲ ಆ ಗಾಡಿ ನೋಡಾವ್ರು ಯಾರದಾರ ರಾಯಚೂರಾಗ? ಗಾಡಿ ನಿಂತ್ರ ದೇವದುರ್ಗದ ಹೆಣ್ಮಕ್ಕಳು ಎಲ್ಲಿಗಿ ಹೋಗಬೇಕು? ಡ್ರೈವರ್ ಇನ್ನೊಬ್ಬ ಸಿಗತಾನ." ಸೂಜಿಯನ್ನು ಕಂಬಳಿಗೆ ಚುಚ್ಚಿ, ಒಮ್ಮೆಲೇ ಗಾಬರಿಯಿಂದ ನನ್ನನ್ನು ನೋಡಿದರು. "ಹೇಳಿಬಿಟ್ಟೇನು ನೀ ಅಮ್ಮಾರಿಗಿ? ಇನ್ನ ಗಾಡಿ ಯಾರ ನೋಡಬೇಕು?"

ನಾನು ಕೀಲಿಕೈ ತೆಗೆದು ಅವರ ಮುಂದೆ ಹಿಡಿದೆ. ಅದನ್ನು ನನ್ನ ಕೈಗೆ ಅಮ್ಮಾರೇ ಬಿಟ್ಟರು, ನಿಮ್ಮನ್ನು ಕರೆತಾ ಎಂದರು ಎಂದು ಹೇಳಿದೆ. ಅವರು ಒಳಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದರು. ಹತ್ತುವ ಮೊದಲು ಪಟ್ಟಾ ತೋರಿಸು ಎಂದರು. ಮೇಲಿನ ಮುಚ್ಚಳ ಸಡಿಲಿಸಿ ತೋರಿಸಿದೆ. ಮುಟ್ಟದೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

ಸಿರವಾರಕ್ಕೆ ಮರಳಿ ಮಾನ್ವಿಯ ದಾರಿ ಹಿಡಿದಾಗ ಸ್ಟೇರಿಂಗ್ ಅವರ ಕೈಯಲ್ಲಿತ್ತು. ದಾರಿಯುದ್ದಕ್ಕೂ ಇಬ್ಬರೂ ಇಂಜಿನ್ನಿನ ಆ ಒಂದೇ ದನಿ ಕೇಳುತ್ತಿದ್ದೆವು. ಮಾನ್ವಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಡಾಕ್ಟರಮ್ಮ ಕೂರುವ ಕೋಣೆ. ಜಗುಲಿಯ ಮೇಲೆ ಬಸುರಿಯರು, ಮಡಿಲಲ್ಲಿ ಕೂಸು ಹಿಡಿದವರು ಕಾಯುತ್ತಿದ್ದರು. ಕಾರಿನ ಬಾಗಿಲ ಸದ್ದಿಗೆ ಡಾಕ್ಟರಮ್ಮ ಹೊರಗೆ ಬಂದರು. ಕಾಕಾನನ್ನು ನೋಡಿ ಹೊಸ್ತಿಲಲ್ಲೇ ನಿಂತರು.

"ಕಾಕಾ, ಎಣ್ಣಿ ಯಾರ ಕೊಟ್ಟ್ರು ಅಂತ ನಾ ಒಂದ ಮಾತ ಕೇಳಬೇಕಾಗಿತ್ತು," ಎಂದರು. "ಕೇಳಲಿಲ್ಲ."

ಕಾಕಾ ನೆಲ ನೋಡುತ್ತ ಮೀಸೆ ಸವರಿಕೊಂಡರು. "ಕೇಳಿದ್ರೂ ನಾ ಹೇಳತಿದ್ದಿಲ್ಲ ಬಿಡ್ರಿ ಅಮ್ಮಾರ. ಇನ್ನ ಎಷ್ಟ ಮಂದಿ ಅದಾರ?"

ಏಳು ಮಂದಿ ಇದ್ದಾರೆ, ಹೊತ್ತಾಗುತ್ತದೆ ಎಂದರು ಅವರು.

"ಆಗಲೇಳ್ರಿ. ಎಲ್ಲಾರ್ನೂ ನೋಡಿ ಬರ್ರಿ. ನಾ ಇಲ್ಲೇ ಇರತೀನಿ."

ಡಾಕ್ಟರಮ್ಮ ಒಳಗೆ ಹೋದರು, ಮೊದಲ ಹೆಂಗಸನ್ನು ಕೂಗಿ ಕರೆಯುವುದು ಕೇಳಿಸಿತು. ನನಗೆ ಅಳು ಬಂದಿತ್ತು. ಜಗುಲಿಯ ಮೇಲಿನವರು ನೋಡಬಾರದೆಂದು ಬಾನೆಟ್ ಎತ್ತಿ ಒಳಗೆ ತಲೆ ಹಾಕಿದೆ. ಅಲ್ಲಿ ನಾನು ಮಾಡುವಂಥದ್ದು ಏನೂ ಉಳಿದಿರಲಿಲ್ಲ.